ಕಟ್ಟಲು ಸಿಗುವ ದುಡ್ಡು, ಓಡಿಸಲು ಯಾಕೆ ಸಿಗುವುದಿಲ್ಲ?

ಬೆಳಿಗ್ಗೆ ಒಂಬತ್ತೂವರೆ. ಹುಬ್ಬಳ್ಳಿಯ ಉಣಕಲ್‌ನಲ್ಲಿ ರಸ್ತೆಯ ನಟ್ಟನಡುವೆ ಇರುವ ಬಸ್ ನಿಲ್ದಾಣ. ಕೌಂಟರಿನಲ್ಲಿ ಟಿಕೆಟ್ ಪಡೆದು, ಅದನ್ನು ಯಂತ್ರಕ್ಕೆ ತೋರಿಸಿ ಒಳಬಂದವರೆಲ್ಲ ಜಾರುಬಾಗಿಲ ಮುಂದೆ ನಿಂತಿದ್ದರು. ಕಾಲೇಜಿಗೆ ಹೊರಟ ಹುಡುಗಿಯರು, ಧಾರವಾಡದ ಕಚೇರಿಗಳಿಗೆ ಹೋಗುವ ನೌಕರರು, ಹೈಕೋರ್ಟ್ ಪೀಠಕ್ಕೆ ಹೊರಟ ಕರಿಕೋಟಿನ ವಕೀಲರೊಬ್ಬರು. ಅವರ ನಡುವೆ ಇಳಕಲ್ ಸೀರೆಯ ಅಜ್ಜಿ, ಕಂಕುಳಲ್ಲಿ ಆಸ್ಪತ್ರೆಯ ಕಾಗದಗಳ ಕೈಚೀಲ. ಸತ್ತೂರಿನ ಆಸ್ಪತ್ರೆಗೆ ಹೊರಟಿದ್ದರು. ಚಿಗರಿ ಬಸ್ಸು ಬಂದು ನಿಂತಿತು. ನಿಲ್ದಾಣದ ಬಾಗಿಲೂ ಬಸ್ಸಿನ ಬಾಗಿಲೂ ಎದುರುಬದುರಾಗಿ ತೆರೆದುಕೊಂಡವು. ಅಜ್ಜಿ ಅಭ್ಯಾಸಬಲದಿಂದ ಮೆಟ್ಟಿಲು ಹತ್ತಲು ಕಾಲೆತ್ತಿದರು. ಮೆಟ್ಟಿಲೇ ಇರಲಿಲ್ಲ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಎತ್ತಿದ ಕಾಲನ್ನು ಇಳಿಸಿ ನಡೆದೇ ಒಳಗೆ ಹೋದರು.

ಪಕ್ಕದಲ್ಲಿ ಕುಳಿತ ನನಗೆ ಅವರೇ ಹೇಳಿದರು: “ಮಣಕಾಲ ನೋವ ಇದ್ದವ್ರಿಗೆ ಇದ ದೊಡ್ಡ ಉಪಕಾರ ನೋಡ್ರಿ. ಹತ್ತೂದಿಲ್ಲ, ಇಳಿಯೂದಿಲ್ಲ. ನಮ್ಮ ಮನಿ ಹೊಸ್ತಲಾ ದಾಟಿದಂಗ ಆಕ್ಕತಿ.”

ಕಿಟಕಿಯಾಚೆ ಪಿ.ಬಿ. ರಸ್ತೆಯ ಉಳಿದ ಪಥಗಳಲ್ಲಿ ಕಾರು, ಟಿಪ್ಪರ್, ಆಟೊ, ಟಂಟಂಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ನಿಂತಿದ್ದವು. ನಮ್ಮ ಬಸ್ಸು ತನ್ನ ಪಥದಲ್ಲಿ ಸಾಗುತ್ತಲೇ ಇತ್ತು.

ಆ ಅಜ್ಜಿ ದಾಟಿದ ಹೊಸ್ತಿಲು ಸಾರ್ವಜನಿಕರ ದುಡ್ಡಿನಿಂದ ಆದದ್ದು. ಊರಿನ ದಟ್ಟಣೆ ಇಳಿಸುವ, ಗಾಳಿ ತಿಳಿಯಾಗಿಸುವ ಇಂಥ ಯೋಜನೆಗಳಿಗೆ ದುಡ್ಡು ಎಲ್ಲಿಂದ ಬರುತ್ತದೆ, ಯಾವುದಕ್ಕೆ ಸುಲಭವಾಗಿ ಬರುತ್ತದೆ, ಯಾವುದಕ್ಕೆ ಬರುವುದೇ ಇಲ್ಲ ಎಂಬುದನ್ನು ಬಿಡಿಸಿ ನೋಡುವ ಹೊತ್ತು ಇದು. ಏಕೆಂದರೆ ನಮ್ಮ ನಗರಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ನಡೆಯುತ್ತಿದೆ. ಕಟ್ಟುವುದಕ್ಕೆ ದುಡ್ಡು ಸಿಗುತ್ತದೆ. ಕಟ್ಟಿದ್ದನ್ನು ಹತ್ತು ವರ್ಷ ಚೆನ್ನಾಗಿ ಓಡಿಸುವುದಕ್ಕೆ ಸಿಗುವುದಿಲ್ಲ.

ಚಿಗರಿ ಬಂದ ದಾರಿ

ಹುಬ್ಬಳ್ಳಿ ಮತ್ತು ಧಾರವಾಡ 1962ರಿಂದ ಒಂದೇ ಮಹಾನಗರ ಪಾಲಿಕೆಯ ಅವಳಿ ನಗರಗಳು. ಒಂದು ವ್ಯಾಪಾರದ ಊರು, ಇನ್ನೊಂದು ವಿದ್ಯೆಯ ಊರು. ನಡುವಿನ ಇಪ್ಪತ್ತು ಕಿಲೊಮೀಟರ್ ದಾರಿಯಲ್ಲಿ ಬೆಳಗಾದರೆ ಎರಡೂ ಕಡೆಗೆ ಜನ ಹರಿಯುತ್ತಾರೆ. ಸರ್ಕಾರಿ ಬಸ್ಸು, ಖಾಸಗಿಯವರ ಬೇಂದ್ರೆ ಬಸ್ಸು, ಟಂಟಂ, ಬೈಕು, ಎಲ್ಲಕ್ಕೂ ಅದೊಂದೇ ರಸ್ತೆ. ಆ ರಸ್ತೆಯನ್ನು ಅಗಲಿಸುವ ಹೊತ್ತಿನಲ್ಲಿ ಸರ್ಕಾರದ ಮುಂದೆ ಒಂದು ಆಯ್ಕೆಯಿತ್ತು. ಅಗಲವಾದ ಜಾಗವನ್ನೆಲ್ಲ ಎಲ್ಲ ವಾಹನಗಳಿಗೂ ಬಿಟ್ಟುಬಿಡುವುದು ಒಂದು ದಾರಿ. ನಡುವಿನ ಪಥವನ್ನು ಬಸ್ಸಿಗೆಂದೇ ಕಾಯ್ದಿಡುವುದು ಇನ್ನೊಂದು. ಆಯ್ದುಕೊಂಡದ್ದು ಎರಡನೆಯದನ್ನು.

ಸುಮಾರು 22 ಕಿ.ಮೀ. ಉದ್ದದ ಈ ತ್ವರಿತ ಬಸ್ ಸಾರಿಗೆ ವ್ಯವಸ್ಥೆಗೆ, ಎಂದರೆ ಬಿಆರ್‌ಟಿಎಸ್‌ಗೆ, ತಗುಲಿದ ವೆಚ್ಚ ಸುಮಾರು 970 ಕೋಟಿ ರೂಪಾಯಿ. ಅದು ಕೇಂದ್ರ ಸರ್ಕಾರದ ಸುಸ್ಥಿರ ನಗರ ಸಾರಿಗೆ ಯೋಜನೆಯ ಭಾಗ. ವಿಶ್ವಬ್ಯಾಂಕಿನ ಸಾಲ, ಜಾಗತಿಕ ಪರಿಸರ ನಿಧಿಯ ಅನುದಾನ, ರಾಜ್ಯ ಸರ್ಕಾರದ ಪಾಲು ಎಲ್ಲವೂ ಅದರಲ್ಲಿ ಸೇರಿವೆ. 2018ರ ಅಕ್ಟೋಬರ್ 2ರಂದು ಬಸ್ಸುಗಳು ಪ್ರಾಯೋಗಿಕವಾಗಿ ರಸ್ತೆಗಿಳಿದವು. 2020ರ ಫೆಬ್ರುವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟಿಸಿದರು. ಬಸ್ಸುಗಳನ್ನು ಓಡಿಸುವ ಹೊಣೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ಈ ಬಸ್ಸುಗಳಿಗಿಟ್ಟ ಹೆಸರು ಚಿಗರಿ, ಎಂದರೆ ಜಿಂಕೆ. ಈ ಸೀಮೆಯವರ ಬಾಯಲ್ಲೇ ಇದ್ದ ಮಾತು, ಆ ಹೆಸರು ಹೊತ್ತ ಬಸ್ಸನ್ನು ಜನ ತಮ್ಮದೆಂದು ಕರೆದುಕೊಳ್ಳಲು ತಡವಾಗಲಿಲ್ಲ.

ಲೆಕ್ಕ ಹಾಕಿ ನೋಡಿ. ಕಿಲೊಮೀಟರಿಗೆ ಸುಮಾರು 44 ಕೋಟಿ ರೂಪಾಯಿ. ಬೆಂಗಳೂರಿನ ನಮ್ಮ ಮೆಟ್ರೊದ 42.3 ಕಿ.ಮೀ. ಮೊದಲ ಹಂತಕ್ಕೆ ಸುಮಾರು 14 ಸಾವಿರ ಕೋಟಿ ಖರ್ಚಾಯಿತು. ಕಿಲೊಮೀಟರಿಗೆ 330 ಕೋಟಿಯ ಆಸುಪಾಸು. ಮೆಟ್ರೊ ಹೊರುವಷ್ಟು ಜನರನ್ನು ಬಸ್ಸು ಹೊರಲಾರದು, ದೊಡ್ಡ ನಗರಕ್ಕೆ ಮೆಟ್ರೊ ಬೇಕೇ ಬೇಕು. ಆದರೆ ಹತ್ತು ಲಕ್ಷದ ಆಚೀಚಿನ ಜನಸಂಖ್ಯೆಯ ಊರಿಗೆ, ಒಂದೇ ದಾರಿಗುಂಟ ಸಾಗುವ ಜನಕ್ಕೆ, ಬಸ್ಸಿಗೆ ಸ್ವಂತ ಪಥ ಕೊಡುವುದು ಕೈಗೆಟುಕುವ ಪರಿಹಾರ. ಆ ದಾರಿಯನ್ನು ಕರ್ನಾಟಕದಲ್ಲಿ ಮೊದಲು ತೋರಿಸಿದ ಹೆಮ್ಮೆ ಈ ಅವಳಿ ನಗರಗಳದು.

ಒಂದು ಪಥದಲ್ಲಿ ಎಷ್ಟು ಜನ?

ಬಸ್ಸಿಗೆ ಪಥ ಬಿಟ್ಟುಕೊಟ್ಟರೆ ಉಳಿದವರಿಗೆ ರಸ್ತೆ ಕಿರಿದಾಗುತ್ತದೆ, ದಟ್ಟಣೆ ಇನ್ನೂ ಹೆಚ್ಚುತ್ತದೆ ಎಂಬುದು ಎಲ್ಲೆಡೆ ಕೇಳುವ ತಕರಾರು. ಹುಬ್ಬಳ್ಳಿಯಲ್ಲಿ ಇಂದಿಗೂ ಕೇಳುತ್ತದೆ. ಅದಕ್ಕೆ ಉತ್ತರ ಸಿಗಬೇಕಾದರೆ ವಾಹನ ಎಣಿಸುವುದನ್ನು ಬಿಟ್ಟು ತಲೆ ಎಣಿಸಬೇಕು.

ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ರೂಪಿಸಿದ ಮಾರ್ಗದರ್ಶಿಯ ಪ್ರಕಾರ, ಹತ್ತು ಅಡಿ ಅಗಲದ ಒಂದು ಪಥದಲ್ಲಿ ಕಾರುಗಳು ಮಾತ್ರ ಓಡಿದರೆ ಗಂಟೆಗೆ 600ರಿಂದ 1,600 ಜನ ಸಾಗುತ್ತಾರೆ. ಅದೇ ಪಥವನ್ನು ಬಸ್ಸಿಗೆ ಮೀಸಲಿಟ್ಟರೆ 4,000ದಿಂದ 8,000 ಜನ. ಅಗಲ ಅದೇ, ಡಾಂಬರೂ ಅದೇ. ಸಾಗುವ ಜನ ಮಾತ್ರ ಐದಾರು ಪಟ್ಟು. ಬಸ್ಸಿನ ಪಥ ಕಾರಿನವನ ಕಣ್ಣಿಗೆ ಖಾಲಿ ಕಾಣುತ್ತದೆ. ಅದು ಖಾಲಿ ಕಾಣುವುದು ಅಲ್ಲಿ ಜನ ನಿಲ್ಲದೆ ಸಾಗಿಹೋಗುತ್ತಿರುವುದರಿಂದ.

ರಸ್ತೆ ಅಗಲಿಸಿದರೆ, ಮೇಲ್ಸೇತುವೆ ಕಟ್ಟಿದರೆ ದಟ್ಟಣೆ ಇಳಿಯುವುದಿಲ್ಲವೇ? ಕೆಲವು ತಿಂಗಳು ಇಳಿಯುತ್ತದೆ. ಆಮೇಲೆ ಆ ರಸ್ತೆ ಸಲೀಸಾಗಿದೆ ಎಂದು ತಿಳಿದು ಇನ್ನಷ್ಟು ಜನ ಕಾರು ತೆಗೆಯುತ್ತಾರೆ, ಮನೆಗಳು ಇನ್ನಷ್ಟು ದೂರಕ್ಕೆ ಹೋಗುತ್ತವೆ, ರಸ್ತೆ ಮತ್ತೆ ತುಂಬುತ್ತದೆ. ಗಿಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಅಂಕಿ ಅಂಶ ಇಟ್ಟುಕೊಂಡು ಇದನ್ನು ತೋರಿಸಿದರು. ಹೆದ್ದಾರಿ ಎಷ್ಟು ಪ್ರಮಾಣದಲ್ಲಿ ಬೆಳೆಯಿತೋ ವಾಹನ ಸಂಚಾರವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಬೆಳೆದಿತ್ತು. ಬೆಂಗಳೂರಿನ ಯಾವ ಮೇಲ್ಸೇತುವೆಯ ಕೆಳಗೆ ಸಂಜೆ ಆರಕ್ಕೆ ನಿಂತರೂ ಈ ಮಾತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ ಆ ನಗರದಲ್ಲಿ ಬಿಎಂಟಿಸಿ ಬಸ್ಸುಗಳು ಕೆಲವೇ ಸಾವಿರ. ಆ ಕೆಲವೇ ಸಾವಿರ ಬಸ್ಸುಗಳು ದಿನಕ್ಕೆ ನಲವತ್ತು ಲಕ್ಷದಷ್ಟು ಪ್ರಯಾಣಗಳ ಭಾರ ಹೊರುತ್ತಿವೆ.

2019ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ, ಬಸ್ಸಿಗೆ ಆದ್ಯತಾ ಪಥ ಮಾಡಿದರು. ಬೇಕಾದದ್ದು ಬಣ್ಣ, ಫಲಕ, ಸಾಲಾಗಿ ನೆಟ್ಟ ಗಿಡ್ಡ ಕಂಬಗಳು ಮತ್ತು ಪೊಲೀಸರ ಕಾವಲು. ಸಾವಿರಾರು ಕೋಟಿಯ ಮಾತೇ ಇರಲಿಲ್ಲ. ಬಸ್ಸುಗಳ ಓಟ ಚುರುಕಾಯಿತು. ಅಷ್ಟರಲ್ಲಿ ಕೋವಿಡ್ ಬಂತು, ಹಿಂದೆಯೇ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂತು, ಪಥ ಕರಗಿತು. ಕಡಿಮೆ ದುಡ್ಡಿನಲ್ಲಿ ಹೆಚ್ಚು ಫಲ ಕೊಡುವ ಕೆಲಸಗಳನ್ನು ಕಾಪಾಡಿಕೊಳ್ಳುವ ಮನಸ್ಸು ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ ಎಂಬುದಕ್ಕೆ ಇದು ನೋವಿನ ಉದಾಹರಣೆ.

ದುಡ್ಡು ಬರುವ ಬಾಗಿಲುಗಳು

ನಗರ ಸಾರಿಗೆಗೆ ದುಡ್ಡು ಮುಖ್ಯವಾಗಿ ಮೂರು ಬಾಗಿಲಿನಿಂದ ಬರುತ್ತದೆ: ಕೇಂದ್ರದ ಅನುದಾನ, ರಾಜ್ಯದ ಬಜೆಟ್, ದೇಶ ವಿದೇಶದ ಬ್ಯಾಂಕುಗಳ ಸಾಲ. ಪಾಲಿಕೆಯ ಸ್ವಂತ ಬೊಕ್ಕಸದಿಂದ ಬರುವುದು ತೀರಾ ಕಡಿಮೆ.

2005ರ ಡಿಸೆಂಬರಿನಲ್ಲಿ ಶುರುವಾದ, ನರ್ಮ್ ಎಂಬ ನಗರ ನವೀಕರಣ ಯೋಜನೆಯಿಂದ ಕೇಂದ್ರದ ಬಾಗಿಲು ದೊಡ್ಡದಾಗಿ ತೆರೆಯಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ರಸ್ತೆಯ ಜಾಗವನ್ನು ಹಂಚುವಾಗ ವಾಹನಗಳಿಗಿಂತ ಜನರನ್ನು ಮುಂದಿಟ್ಟುಕೊಳ್ಳಬೇಕು ಎಂದು ಸ್ಪಷ್ಟವಾಗಿ ಹೇಳಿತು. 2009ರಲ್ಲಿ ನರ್ಮ್ ಅಡಿ ನಗರಗಳಿಗೆ ಬಸ್ಸು ಕೊಳ್ಳಲು ಕೇಂದ್ರ ನೆರವು ಕೊಟ್ಟಿತು. ದೇಶದ ಎಷ್ಟೋ ಊರುಗಳು ಮೊದಲ ಬಾರಿಗೆ ತಗ್ಗುನೆಲದ ಸಿಟಿ ಬಸ್ಸು ಕಂಡದ್ದು ಆಗಲೇ.

ವಿದ್ಯುತ್ ಬಸ್ಸಿನ ಸರದಿ ಬಂದದ್ದು ಆಮೇಲೆ. 2019ರ ಏಪ್ರಿಲ್‌ನಲ್ಲಿ ಫೇಮ್ ಎರಡನೇ ಹಂತ, 2023ರ ಆಗಸ್ಟ್‌ನಲ್ಲಿ ಪಿಎಂ ಇ-ಬಸ್ ಸೇವಾ, 2024ರ ಅಕ್ಟೋಬರಿನಲ್ಲಿ ಪಿಎಂ ಇ-ಡ್ರೈವ್. ಪಿಎಂ ಇ-ಬಸ್ ಸೇವಾ ಅಡಿ ಹತ್ತು ಸಾವಿರ ಬಸ್ಸುಗಳ ಗುರಿ, ಒಟ್ಟು ಅಂದಾಜು 57,613 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 20 ಸಾವಿರ ಕೋಟಿ. ಪಿಎಂ ಇ-ಡ್ರೈವ್‌ನ 10,900 ಕೋಟಿಯಲ್ಲಿ 14,028 ಬಸ್ಸುಗಳಿಗೆಂದು 4,391 ಕೋಟಿ ತೆಗೆದಿರಿಸಲಾಗಿದೆ. ಬೆಂಗಳೂರಿಗೆ 4,500 ಬಸ್ಸುಗಳ ಹಂಚಿಕೆ ಪ್ರಕಟವಾಗಿದೆ.

ಈ ಯೋಜನೆಗಳಲ್ಲಿ ಬಸ್ಸು ಸಾರಿಗೆ ಸಂಸ್ಥೆಯ ಸ್ವಂತದ್ದಲ್ಲ. ಬಸ್ಸನ್ನು ಖಾಸಗಿ ಕಂಪನಿ ಕೊಳ್ಳುತ್ತದೆ, ಚಾಲಕರನ್ನೂ ಅದೇ ಕೊಡುತ್ತದೆ, ನಿರ್ವಹಣೆಯೂ ಅದರದೇ. ಕಂಡಕ್ಟರ್, ಮಾರ್ಗ, ಟಿಕೆಟ್ ದರ ಸಾರಿಗೆ ಸಂಸ್ಥೆಯವು. ಬಸ್ಸು ಓಡಿದ ಪ್ರತಿ ಕಿಲೊಮೀಟರಿಗೆ ಇಷ್ಟು ಎಂದು ಸಂಸ್ಥೆ ಕಂಪನಿಗೆ ಹಣ ಕಟ್ಟುತ್ತದೆ. 2022ರಲ್ಲಿ ಬೆಂಗಳೂರೂ ಸೇರಿ ಐದು ನಗರಗಳಿಗೆ ಒಟ್ಟಾಗಿ ಕರೆದ ಟೆಂಡರಿನಲ್ಲಿ 12 ಮೀಟರ್ ಬಸ್ಸಿಗೆ ಬಂದ ಅತಿ ಕಡಿಮೆ ದರ ಕಿಲೊಮೀಟರಿಗೆ 43 ರೂಪಾಯಿ 49 ಪೈಸೆ.

ಈಗ ಒಂದು ಮನೆಲೆಕ್ಕ. ಕಿಲೊಮೀಟರಿಗೆ ಐವತ್ತು ರೂಪಾಯಿ, ದಿನಕ್ಕೆ ಇನ್ನೂರು ಕಿಲೊಮೀಟರ್ ಎಂದಿಟ್ಟುಕೊಳ್ಳೋಣ. ದಿನಕ್ಕೆ ಹತ್ತು ಸಾವಿರ, ವರ್ಷಕ್ಕೆ ಮೂವತ್ತಾರೂವರೆ ಲಕ್ಷ, ಹನ್ನೆರಡು ವರ್ಷಕ್ಕೆ ನಾಲ್ಕು ಕೋಟಿ ಮೂವತ್ತೆಂಟು ಲಕ್ಷ. ಆ ಬಸ್ಸಿಗೆ ಪಿಎಂ ಇ-ಡ್ರೈವ್ ಕೊಡುವ ಗರಿಷ್ಠ ನೆರವು 35 ಲಕ್ಷ. ಪತ್ರಿಕೆಯ ತಲೆಬರಹದಲ್ಲಿ ಬರುವುದು ಈ 35 ಲಕ್ಷ. ಉಳಿದದ್ದನ್ನು ತಿಂಗಳು ತಿಂಗಳು ಹೊಂದಿಸಬೇಕಾದದ್ದು ಟಿಕೆಟ್ ಹಣದಿಂದ, ಸಾಲದಿದ್ದರೆ ರಾಜ್ಯದ ಬೊಕ್ಕಸದಿಂದ.

ಹೊಂದಿಸಲಾಗದಿದ್ದರೆ ಏನಾಗುತ್ತದೆ ಎಂಬ ಭಯ ಬಸ್ ಕಂಪನಿಗಳಿಗೂ ಅವುಗಳಿಗೆ ಸಾಲ ಕೊಡುವ ಬ್ಯಾಂಕುಗಳಿಗೂ ಇತ್ತು. ಸಾರಿಗೆ ಸಂಸ್ಥೆಗಳು ಹೇಳಿದ ಹೊತ್ತಿಗೆ ಹಣ ಕಟ್ಟುತ್ತವೆ ಎಂಬ ನಂಬಿಕೆ ಸಾಲದೆ ಟೆಂಡರುಗಳಿಗೆ ಹಿನ್ನಡೆಯಾಗುತ್ತಿತ್ತು. ಅದಕ್ಕೇ 2024ರಲ್ಲಿ ಕೇಂದ್ರ 3,435 ಕೋಟಿ ರೂಪಾಯಿಯ ಪಾವತಿ ಖಾತ್ರಿ ನಿಧಿಯೊಂದನ್ನು ಮಾಡಿತು. ಸಂಸ್ಥೆ ಬಾಕಿ ಉಳಿಸಿಕೊಂಡರೆ ಆ ನಿಧಿಯಿಂದ ಕಂಪನಿಗೆ ಹಣ ಸಲ್ಲುತ್ತದೆ, ಆಮೇಲೆ ರಾಜ್ಯದಿಂದ ವಸೂಲಿ. ಓಡಿಸುವ ದುಡ್ಡಿನ ಕೊರತೆ ಎಷ್ಟು ನಿಜ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡ ದಾಖಲೆ ಇದು. ಖಾತ್ರಿ ನಿಧಿ ಒಳ್ಳೆಯ ಹೆಜ್ಜೆ. ಆದರೆ ಅದು ಕೈಗಡ ಮಾತ್ರ, ಆದಾಯದ ಮೂಲವಲ್ಲ.

ಗಾಳಿಗೆಂದು ಬಂದ ದುಡ್ಡು

ಗಾಳಿಯನ್ನೇ ಗುರಿಯಾಗಿಸಿಕೊಂಡ ದುಡ್ಡೂ ಇದೆ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ನಿಗದಿಯಾದ ಗುಣಮಟ್ಟವನ್ನು ವರ್ಷಗಳಿಂದ ಮುಟ್ಟದ ಕಾರಣಕ್ಕೆ ಪಟ್ಟಿ ಸೇರಿದ ನಗರಗಳಿವು. ಇದರ ಜೊತೆಗೆ ಹತ್ತು ಲಕ್ಷ ಮೀರಿದ ನಗರಗಳಿಗೆ 15ನೇ ಹಣಕಾಸು ಆಯೋಗವೂ ಗಾಳಿಯ ಗುಣಮಟ್ಟದ ಹೆಸರಿನಲ್ಲೇ ಅನುದಾನ ಕೊಟ್ಟಿತು.

ಆ ದುಡ್ಡು ಹೋದದ್ದೆಲ್ಲಿಗೆ? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ದೇಶದ ಲೆಕ್ಕ ತೆಗೆಯಿತು. ಬಿಡುಗಡೆಯಾದ 10,566 ಕೋಟಿ ರೂಪಾಯಿಯಲ್ಲಿ ನೂರಕ್ಕೆ 64ರಷ್ಟು ಸಂದದ್ದು ರಸ್ತೆ ದೂಳು ಇಳಿಸುವ ಕೆಲಸಗಳಿಗೆ. ಡಾಂಬರು, ಗುಂಡಿ ಮುಚ್ಚುವುದು, ಗುಡಿಸುವ ಯಂತ್ರ, ನೀರು ಚಿಮುಕಿಸುವ ಟ್ಯಾಂಕರು. ವಾಹನಗಳ ಹೊಗೆ ಇಳಿಸಲು ಸಂದದ್ದು ನೂರಕ್ಕೆ ಹದಿಮೂರಕ್ಕಿಂತಲೂ ಕಡಿಮೆ. ಕಾರ್ಖಾನೆಗಳ ಪಾಲು ಒಂದಕ್ಕೂ ಕಡಿಮೆ.

ಹೀಗಾಗಲು ಕಾರಣ ಅಳತೆಗೋಲಿನಲ್ಲಿದೆ. ನಗರ ಎಷ್ಟು ಸುಧಾರಿಸಿತು ಎಂದು ನೋಡಲು ಬಳಸಿದ್ದು ಪಿಎಂ10 ಎಂಬ ಕಣದ ಪ್ರಮಾಣ. ಇದು ಹತ್ತು ಮೈಕ್ರಾನಿನವರೆಗಿನ ಕಣ, ಅದರಲ್ಲಿ ದೊಡ್ಡ ಪಾಲು ದೂಳು. ರಸ್ತೆ ಗುಡಿಸಿದರೆ, ನೀರು ಚಿಮುಕಿಸಿದರೆ ಅಂಕಿ ಬೇಗ ಇಳಿಯುತ್ತದೆ. ಆದರೆ ಎಂಜಿನ್ನಿನ ಹೊಗೆಯಲ್ಲಿ ಹೆಚ್ಚಾಗಿ ಇರುವುದು ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣ, ಪಿಎಂ2.5. ಕೂದಲೆಳೆಯ ದಪ್ಪದಲ್ಲಿ ಇಪ್ಪತ್ತು ಮೂವತ್ತರ ಒಂದು ಪಾಲು. ಮೂಗು, ಗಂಟಲು ದಾಟಿ ಶ್ವಾಸಕೋಶದ ಆಳಕ್ಕೆ, ಅಲ್ಲಿಂದ ರಕ್ತಕ್ಕೆ ಇಳಿಯುವುದು ಅದೇ. ನಮ್ಮ ದೇಶದಲ್ಲಿ ಅದರ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5.

ಚೌಕದಲ್ಲಿ ಎಂಟು ತಾಸು ನಿಲ್ಲುವ ಸಂಚಾರ ಪೊಲೀಸರನ್ನು, ಫುಟ್‌ಪಾತಿನ ಮೇಲೆ ಹೂ ಕಟ್ಟುವ ಹೆಂಗಸರನ್ನು, ಸಿಗ್ನಲಿನಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡು ನಿಂತ ಸ್ಕೂಟರಿನ ತಾಯಿಯನ್ನು ನೆನೆಯಿರಿ. ಅವರು ಉಸಿರಾಡುವುದು ಈ ಸಣ್ಣ ಕಣವನ್ನೇ. ಗುಡಿಸುವ ಯಂತ್ರ ಕೊಳ್ಳುವುದು ತಪ್ಪಲ್ಲ, ದೂಳೂ ರೋಗ ತರುತ್ತದೆ. ಆದರೆ ಹೊಗೆ ಉಗುಳುವ ಸಾವಿರ ಬೈಕುಗಳ ಬದಲು ಇಪ್ಪತ್ತು ಬಸ್ಸು ಓಡುವಂತೆ ಮಾಡುವುದೇ ಊರಿನ ಗಾಳಿಗೆ ಬಾಳುವ ಮದ್ದು. ಗಾಳಿಯ ಹೆಸರಿನಲ್ಲಿ ಬಂದ ದುಡ್ಡಿನಲ್ಲಿ ಬಸ್ಸಿಗೆ, ನಡಿಗೆಗೆ, ಸೈಕಲ್ಲಿಗೆ ದೊಡ್ಡ ಪಾಲು ಸಿಗಲೇಬೇಕು.

ಉದ್ಘಾಟನೆಯ ಮರುದಿನ

ಮತ್ತೆ ಚಿಗರಿಗೆ ಬರೋಣ. ಬಸ್ಸುಗಳು ರಸ್ತೆಗಿಳಿದು ಏಳು ವರ್ಷ ದಾಟಿದೆ. ಎಸಿ ಬಸ್ಸಿನ ನಿರ್ವಹಣೆ ದುಬಾರಿ, ವಯಸ್ಸಾದಂತೆ ಇನ್ನೂ ದುಬಾರಿ. ಜೋರು ಮಳೆ ಬಂದರೆ ಧಾರವಾಡದ ಟೋಲ್ ನಾಕಾ ಬಳಿ ನೀರು ನಿಲ್ಲುತ್ತದೆ. ಪಕ್ಕದ ಪಥಗಳು ಇಕ್ಕಟ್ಟಾಗಿವೆ ಎಂಬ ದೂರಿದೆ, ಬಸ್ ಪಥವನ್ನು ಬೇರೆ ವಾಹನಗಳಿಗೂ ಬಿಡಿ ಎಂಬ ಒತ್ತಾಯವಿದೆ, ಅದರ ಜಾಗಕ್ಕೆ ಬೇರೆ ಹೊಸ ವ್ಯವಸ್ಥೆಯನ್ನೇ ತರುವ ಮಾತೂ ಕೇಳಿಬಂದಿದೆ. ಈ ದೂರುಗಳಲ್ಲಿ ಕೆಲವು ನ್ಯಾಯವಾದವು. ಚರಂಡಿಯ ವಿನ್ಯಾಸ ಸರಿಯಾಗಬೇಕು. ರಸ್ತೆ ನಡುವಿನ ನಿಲ್ದಾಣಕ್ಕೆ ಜನ ಜೀವಭಯವಿಲ್ಲದೆ ದಾಟಿ ಬರುವಂತಾಗಬೇಕು. ಆದರೆ ಇವೆಲ್ಲ ದುರಸ್ತಿಯ ಮಾತುಗಳು. ಬಸ್ಸು ಹಳತಾದರೆ ಹೊಸ ಬಸ್ಸು ಬೇಕು, ನೀರು ನಿಂತರೆ ಮೋರಿ ಬೇಕು. 970 ಕೋಟಿ ಸುರಿದು ಕಟ್ಟಿದ ಪಥವನ್ನು ಕೈಬಿಡುವುದು ಅವುಗಳಿಗೆ ಮದ್ದಲ್ಲ.

ತೊಡಕಿನ ಬೇರು ಬೇರೆ ಕಡೆಗಿದೆ. ಕಟ್ಟುವ ದುಡ್ಡಿಗೆ ಯೋಜನೆಯ ಹೆಸರಿದೆ, ಗಡುವಿದೆ, ಉಸ್ತುವಾರಿಯಿದೆ, ಕಲ್ಲಿನ ಮೇಲೆ ಕೆತ್ತುವ ಹೆಸರುಗಳಿವೆ. ಓಡಿಸುವ ದುಡ್ಡಿಗೆ ಇದಾವುದೂ ಇಲ್ಲ. ಅದು ಸಾರಿಗೆ ಸಂಸ್ಥೆಯ ನಷ್ಟದ ಪಟ್ಟಿಯಲ್ಲಿ ಒಂದು ಸಾಲಾಗಿ ಕೂರುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಬಸ್ಸು ಯಾಕೆ ನಷ್ಟದಲ್ಲಿದೆ? ಮೇಲ್ಸೇತುವೆಯನ್ನು ಯಾರೂ ಹಾಗೆ ಕೇಳುವುದಿಲ್ಲ. ಅದು ಊರಿಗೆ ಮಾಡಿದ ಸೇವೆ ಎಂದುಕೊಳ್ಳುತ್ತೇವೆ. ಬಸ್ಸೂ ಅಂಥದೇ ಸೇವೆ. ರಸ್ತೆ ಖಾಲಿ ಮಾಡಿಕೊಟ್ಟು ಕಾರಿನವರಿಗೂ, ಹೊಗೆ ತಗ್ಗಿಸಿ ಮನೆಯಲ್ಲೇ ಕುಳಿತವರಿಗೂ ಅದು ಉಪಕಾರ ಮಾಡುತ್ತದೆ. ಆ ಉಪಕಾರದ ಬೆಲೆಯನ್ನು ಟಿಕೆಟ್ ಕೊಂಡ ಬಡವರೊಬ್ಬರೇ ಕೊಡಲಿ ಎನ್ನುವುದು ನ್ಯಾಯವಲ್ಲ.

ನಮ್ಮ ಮೆಟ್ರೊದಲ್ಲೂ ಇದೇ ಪಾಠವಿದೆ. ಮೆಟ್ರೊ ಕಟ್ಟಲು ಕೇಂದ್ರ, ರಾಜ್ಯಗಳ ಪಾಲಿನ ಜೊತೆ ವಿದೇಶಿ ಬ್ಯಾಂಕುಗಳ ದೊಡ್ಡ ಸಾಲವಿದೆ. ಸಾಲ, ಬಡ್ಡಿ, ನಿರ್ವಹಣೆಯ ಭಾರ ಕೊನೆಗೆ ಬಂದು ನಿಲ್ಲುವುದು ಟಿಕೆಟ್ ದರದ ಮೇಲೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಪ್ರಯಾಣಿಕರ ಸಂಖ್ಯೆ ಇಳಿಯಿತು. ಮೆಟ್ರೊ ಬಿಟ್ಟವರೆಲ್ಲ ಮನೆಯಲ್ಲಿ ಕೂರಲಿಲ್ಲ, ಅವರಲ್ಲಿ ಎಷ್ಟೋ ಜನ ಮತ್ತೆ ಬೈಕಿನ ಕೀಲಿ ಕೈಗೆತ್ತಿಕೊಂಡರು. ದಟ್ಟಣೆ ಇಳಿಸಲೆಂದು ಸಾವಿರಾರು ಕೋಟಿ ಹಾಕಿ, ದರದ ಕಾರಣಕ್ಕೆ ಜನರನ್ನು ಮತ್ತೆ ರಸ್ತೆಗೆ ಕಳಿಸಿದರೆ ಆ ಸಾವಿರಾರು ಕೋಟಿಯ ಉದ್ದೇಶಕ್ಕೇ ಪೆಟ್ಟು ಬೀಳುತ್ತದೆ.

ಓಡಿಸುವ ದುಡ್ಡನ್ನು ಸರ್ಕಾರ ಕೊಡುವುದೇ ಇಲ್ಲ ಎನ್ನಲಾಗದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಗೆ ರಾಜ್ಯ ವರ್ಷಕ್ಕೆ ಐದು ಸಾವಿರ ಕೋಟಿಗೂ ಹೆಚ್ಚು ತೆಗೆದಿರಿಸುತ್ತಿದೆ. 2025ರ ಜುಲೈ ಹೊತ್ತಿಗೆ ಮಹಿಳೆಯರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೆಣ್ಣುಮಕ್ಕಳು ಯಾರ ಮುಂದೆಯೂ ಕೈಚಾಚದೆ ಹೊರಟದ್ದು ದೊಡ್ಡ ಸಂಗತಿ. ಆದರೆ ಟಿಕೆಟಿನ ಬೆಲೆ ತುಂಬಿಕೊಟ್ಟಷ್ಟಕ್ಕೆ ಬಸ್ಸು ಹೆಚ್ಚುವುದಿಲ್ಲ. ಜನ ಹೆಚ್ಚಿದಂತೆ ಬಸ್ಸು, ಚಾಲಕರು, ಡಿಪೊ, ಬಿಡಿಭಾಗಗಳೂ ಹೆಚ್ಚಬೇಕು. ಸರ್ಕಾರದಿಂದ ಬರಬೇಕಾದ ಹಣ ಹೊತ್ತಿಗೆ ಸರಿಯಾಗಿ ಬರಬೇಕು. 2025ರ ಜನವರಿಯಲ್ಲಿ ಬಸ್ ಪ್ರಯಾಣ ದರ ಶೇ 15ರಷ್ಟು ಏರಿದ್ದು ಸಂಸ್ಥೆಗಳು ಎಷ್ಟು ಬಿಗಿಯಲ್ಲಿವೆ ಎಂಬುದನ್ನು ಹೇಳುತ್ತದೆ.

ಬೇರೆ ಊರುಗಳು ಕಂಡುಕೊಂಡ ದಾರಿ

ಓಡಿಸುವ ದುಡ್ಡಿಗೆ ಸ್ಥಿರವಾದ ಮೂಲ ಹುಡುಕಿದ ಊರುಗಳಿವೆ. ಫ್ರಾನ್ಸ್ 1971ರಲ್ಲಿ ಪ್ಯಾರಿಸ್ ಪ್ರದೇಶಕ್ಕೆ, 1973ರಿಂದ ಬೇರೆ ನಗರಗಳಿಗೆ ಒಂದು ತೆರಿಗೆ ತಂದಿತು. ನಿಗದಿತ ಸಂಖ್ಯೆಗಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಸಂಬಳದ ಮೊತ್ತದ ಮೇಲೆ ಸಣ್ಣ ಪಾಲನ್ನು ಊರಿನ ಸಾರಿಗೆಗೆ ಕಟ್ಟಬೇಕು. ನೌಕರರು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುವುದರಿಂದ ಲಾಭ ಸಂಸ್ಥೆಗೂ ಇದೆ, ಆದ್ದರಿಂದ ಅದೂ ಪಾಲು ಕೊಡಲಿ ಎಂಬುದು ಅದರ ತರ್ಕ. ಐವತ್ತು ವರ್ಷದಿಂದ ಆ ತೆರಿಗೆ ಅಲ್ಲಿನ ಸಾರಿಗೆಯ ಬೆನ್ನೆಲುಬು. ಬೆಂಗಳೂರಿನ ಕಂಪನಿಗಳೂ ಕೈಜೋಡಿಸಿದ್ದಿದೆ. ಕೋನಪ್ಪನ ಅಗ್ರಹಾರದ ಮೆಟ್ರೊ ನಿಲ್ದಾಣಕ್ಕೆ ಇನ್ಫೊಸಿಸ್ ಫೌಂಡೇಶನ್, ಹೆಬ್ಬಗೋಡಿಯದಕ್ಕೆ ಬಯೊಕಾನ್ ಫೌಂಡೇಶನ್ ನೆರವು ಕೊಟ್ಟಿವೆ. ಮೆಚ್ಚಬೇಕಾದ ಕೆಲಸ. ಆದರೆ ಅದೂ ಕಟ್ಟುವ ದುಡ್ಡೇ. ಅಂಥ ಕೈಜೋಡಣೆ ವರ್ಷವರ್ಷವೂ ಬರುವಂತಾಗಲು ಕಾನೂನಿನ ಚೌಕಟ್ಟು ಬೇಕು.

ಲಂಡನ್ 2003ರ ಫೆಬ್ರುವರಿಯಲ್ಲಿ ನಗರದ ನಡುಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ ಐದು ಪೌಂಡ್ ದಟ್ಟಣೆ ಶುಲ್ಕ ಹಾಕಿತು. ಹಾಕುವ ಹೊತ್ತಿಗೆ ಸುಮಾರು ಮುನ್ನೂರು ಹೆಚ್ಚುವರಿ ಬಸ್ಸುಗಳನ್ನು ರಸ್ತೆಗಿಳಿಸಿತ್ತು, ಖರ್ಚು ಕಳೆದು ಉಳಿದ ಹಣ ಸಾರಿಗೆಗೇ ಹೋಗಬೇಕೆಂಬ ಕಾನೂನಿತ್ತು. ಮೊದಲು ಬಸ್ಸು, ಆಮೇಲೆ ಶುಲ್ಕ ಎಂಬ ಈ ಕ್ರಮವೇ ಮುಖ್ಯ. ಹೊರವರ್ತುಲ ರಸ್ತೆಗೆ ದಟ್ಟಣೆ ಶುಲ್ಕ ಹಾಕಬೇಕೆಂಬ ಮಾತು ಬೆಂಗಳೂರಿನಲ್ಲಿ ಎದ್ದಾಗಲೆಲ್ಲ ಮರೆತುಹೋಗುವುದೂ ಇದೇ ಕ್ರಮ.

ಅಮೆರಿಕದಲ್ಲಿ 1991ರ ಸಾರಿಗೆ ಕಾಯ್ದೆ ದಟ್ಟಣೆ ಮತ್ತು ಗಾಳಿಯ ಗುಣಮಟ್ಟಕ್ಕೆಂದೇ ಒಂದು ನಿಧಿ ಮಾಡಿತು. ಅದಕ್ಕೆ ಹಾಕಿದ ಒಂದು ಕಟ್ಟುಪಾಡು ಗಮನಿಸುವಂಥದ್ದು. ಒಬ್ಬೊಬ್ಬರೇ ಕೂತು ಹೋಗುವ ಕಾರುಗಳಿಗೆ ಹೊಸ ಪಥ ಕಟ್ಟಲು ಆ ದುಡ್ಡು ಬಳಸುವಂತಿಲ್ಲ. ಅದೇ ನಿಧಿಗೆ ಒಂದು ಕೊರತೆಯೂ ಇದೆ. ಹೊಸ ಬಸ್ ಸೇವೆಯನ್ನು ಓಡಿಸಲು ಅದು ನೆರವಾಗುವುದು ಆರಂಭದ ಕೆಲವು ವರ್ಷ ಮಾತ್ರ. ಆಮೇಲಿನದನ್ನು ಊರೇ ನೋಡಿಕೊಳ್ಳಬೇಕು. ನಮ್ಮ ತೊಡಕು ನಮ್ಮೊಬ್ಬರದೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮಲ್ಲಿ ಆಗಬೇಕಾದದ್ದು

ಕರ್ನಾಟಕಕ್ಕೆ ಬೇಕಾದ ಸಲಕರಣೆಗಳೆಲ್ಲ ಕೈಯಲ್ಲೇ ಇವೆ. ನಗರ ಭೂಸಾರಿಗೆ ನಿರ್ದೇಶನಾಲಯ 2007ರಿಂದಲೇ ಇದೆ. ರಾಜ್ಯ ನಗರ ಸಾರಿಗೆ ನಿಧಿ ಎಂಬ ಖಾತೆಯೂ ಇದೆ. ಬೆಂಗಳೂರಿನ ಸಾರಿಗೆಯನ್ನೆಲ್ಲ ಒಂದೇ ಸೂರಿನಡಿ ತರಲು 2022ರಲ್ಲಿ ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯಾಗಿದೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್ಲುಗಳೊಂದಿಗೆ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಸೇವೆ ಶುರುವಾಗಿ, ಸಣ್ಣ ಮೊತ್ತದಲ್ಲಿ ಏನು ಮಾಡಬಹುದು ಎಂಬುದನ್ನು ದೇಶಕ್ಕೇ ತೋರಿಸಿತು. ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳು, ಫುಟ್‌ಪಾತ್ ಅಗಲವಾಗಿದ್ದರೆ ಜನ ಸಂತೋಷದಿಂದ ನಡೆಯುತ್ತಾರೆ ಎಂಬುದನ್ನು ಸಾಬೀತು ಮಾಡಿದವು. ಕೊರತೆ ಇರುವುದು ಅನುಭವದ್ದಲ್ಲ, ದುಡ್ಡಿನ ಶಿಸ್ತಿನದು.

ಆ ಶಿಸ್ತಿಗೆ ಮೂರು ಕಟ್ಟಳೆ ಸಾಕು. ಒಂದು: ಯಾವುದೇ ಸಾರಿಗೆ ಯೋಜನೆಗೆ ಮಂಜೂರಾತಿ ಕೊಡುವಾಗ ಕಟ್ಟುವ ಅಂದಾಜಿನ ಪಕ್ಕದಲ್ಲೇ ಹತ್ತು ವರ್ಷ ಓಡಿಸುವ ಅಂದಾಜೂ, ಆ ಹಣ ಎಲ್ಲಿಂದ ಬರುತ್ತದೆ ಎಂಬುದೂ ಇರಬೇಕು. ಎರಡು: ಕಾರು, ಬೈಕುಗಳಿಂದ ಬರುವ ಪಾರ್ಕಿಂಗ್ ಶುಲ್ಕ ಮತ್ತು ವಾಹನ ತೆರಿಗೆಯ ಒಂದು ನಿಗದಿತ ಪಾಲು ಆಯಾ ನಗರದ ಬಸ್ಸು ಓಡಿಸುವ ಖಾತೆಗೆ ನೇರವಾಗಿ ಹೋಗಬೇಕು. ಮೂರು: ಯೋಜನೆಗಳನ್ನು ತೂಗುವಾಗ ಒಂದು ಕೋಟಿ ರೂಪಾಯಿಗೆ ದಿನಕ್ಕೆ ಎಷ್ಟು ಜನ ಸಾಗುತ್ತಾರೆ, ಎಷ್ಟು ಹೊಗೆ ಇಳಿಯುತ್ತದೆ ಎಂದು ತೂಗಬೇಕು. ಆ ತಕ್ಕಡಿಯಲ್ಲಿ ಬಸ್ ಪಥ, ಫುಟ್‌ಪಾತ್, ಉಪನಗರ ರೈಲು ತಾವಾಗಿಯೇ ಹೆಚ್ಚು ತೂಗುತ್ತವೆ. ಬೆಂಗಳೂರಿನ ಸುರಂಗ ರಸ್ತೆಯಂಥ, ಹದಿನೇಳು ಸಾವಿರ ಕೋಟಿ ಮೀರಿದ ಅಂದಾಜಿನ ಯೋಜನೆಗಳೂ ಅದೇ ತಕ್ಕಡಿಯಲ್ಲಿ ಕೂತು ಉತ್ತರ ಹೇಳಲಿ.

ಇದು ಅಧಿಕಾರಿಗಳಿಗೆ ಬಿಟ್ಟ ಲೆಕ್ಕವೆಂದು ನಾವು ಸುಮ್ಮನಿರಬಾರದು. ಆ ದುಡ್ಡು ನಮ್ಮದು, ಸಾಲವಾದರೆ ನಮ್ಮ ಮಕ್ಕಳು ತೀರಿಸಬೇಕಾದದ್ದು. ಬರುವ ಬಜೆಟ್ಟಿನಲ್ಲಿ ನಿಮ್ಮ ಊರಿಗೆ ಏನು ಹೊಸದು ಬಂತು ಎಂದು ನೋಡುವಾಗ, ಇದ್ದದ್ದನ್ನು ಓಡಿಸಲು ಎಷ್ಟು ಇಟ್ಟಿದ್ದಾರೆ ಎಂಬ ಸಾಲನ್ನೂ ಹುಡುಕಿ. ವಾರ್ಡ್ ಸಭೆಯಲ್ಲಿ ಬಸ್ಸಿನ ಮಾತೆತ್ತಿ. ನಿಮ್ಮ ಶಾಸಕರು ಶಂಕುಸ್ಥಾಪನೆಗೆ ಬಂದಾಗ ಹಾರ ಹಾಕಿ, ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ: ಇದನ್ನು ಹತ್ತು ವರ್ಷ ಓಡಿಸುವ ದುಡ್ಡು ಎಲ್ಲಿದೆ?

ಸತ್ತೂರಿನ ನಿಲ್ದಾಣ ಬಂದಾಗ ಅಜ್ಜಿ ಕೈಚೀಲ ಎತ್ತಿಕೊಂಡು, ಯಾರ ಕೈಯನ್ನೂ ಹಿಡಿಯದೆ ಇಳಿದು ಹೋದರು. ಮುಂದಿನ ತಿಂಗಳು ಅವರು ಮತ್ತೆ ಆಸ್ಪತ್ರೆಗೆ ಬರಬೇಕು. ಅವರ ಪಾಲಿಗೆ ಯೋಜನೆ ಯಶಸ್ವಿಯಾಗುವುದು ಆ ದಿನವೂ ಬಸ್ಸು ಬಂದರೆ ಮಾತ್ರ.